ಮುರುಗಲು ತುಪ್ಪ ಕಾಣದ ಗುಂಡು

ಎರಕದ ಗುಂಡಿಗೆ ಜಿಡ್ಡು ಬೇಕೋ ಬೇಡವೋ ಎಂಬ ಗಹನ ಪ್ರಶ್ನೆಯಲ್ಲಿ ನಾನು ಬೇಡದ ಪಕ್ಷದವನಾಗಿದ್ದೆ. ನಮ್ಮದು ಹಂದಿ ಓಡಿಸಲೆಂದು ಲೈಸೆನ್ಸ್ ಪಡೆದ, ಬಾಯಿಯಿಂದ ಮದ್ದು ತುಂಬುವ ಹಳೆಯ ಕೋವಿ. ನಳಿಗೆ ಸಣ್ಣದು. ದೊಡ್ಡಪ್ಪ ಮನೆಯಲ್ಲೇ ಸೀಸ ಎರೆದ ಗುಂಡಿಗೆ ಮುರುಗಲು ಹಣ್ಣಿನ ಬೀಜದ ತುಪ್ಪ ಸವರಿಯೇ ಇಳಿಸುತ್ತಿದ್ದರು. ಇಷ್ಟು ಪುಟ್ಟ ಗುಂಡಿಗೆ ಅಭ್ಯಂಜನವೇಕೆ ಎಂಬುದು ನನ್ನ ಸಿದ್ಧಾಂತ.

ದೊಡ್ಡಪ್ಪ ಹೋದ ಮೇಲೆ ಸಿದ್ಧಾಂತ ಜಾರಿಗೆ ಬಂತು. ಚುನಾವಣೆಗೆಂದು ಕೋವಿಗಳನ್ನು ಠಾಣೆಗೆ ಒಪ್ಪಿಸಲು ಎರಡೇ ದಿನ ಉಳಿದಿತ್ತು. ಗದ್ದೆಗೆ ಹಂದಿ ನುಗ್ಗಿತೆಂದು ಮದ್ದು ತುಂಬಿ, ಒಣ ಗುಂಡನ್ನು ಗಜವೆಂಬ ಉದ್ದ ಸರಳಿನಿಂದ ನೂಕಿದೆ. ಅರ್ಧ ದಾರಿಯಲ್ಲಿ ನಿಂತಿತು. ಮೇಲೆ ಬಾರದು, ಕೆಳಗಿಳಿಯದು. ಹೀಗೆ ಸಿಕ್ಕಿಕೊಂಡದ್ದನ್ನು ಹಾರಿಸಿದರೆ ನಳಿಗೆಯೇ ಸೀಳುತ್ತದೆ ಎಂದು ದೊಡ್ಡಪ್ಪ ಹೇಳುತ್ತಿದ್ದುದು ನೆನಪಾಯಿತು.

ಕೋವಿಯನ್ನು ಜಗಲಿಯಲ್ಲಿ ಮಲಗಿಸಿದೆ.

"ಅದರ ಬಾಯಿ ಅಡುಗೆಮನೆ ಬದಿಗೆ ಎಂತಕ್ಕೆ?" ಎಂದಳು ಹೆಂಡತಿ.

ತಿರುಗಿಸಿದೆ.

"ಈಗ ದೇವರ ಬದಿಗೆ ಆತು."

ಕೊನೆಗೆ ಅಂಗಳದಾಚೆಯ ಮಣ್ಣಿನ ದಿಬ್ಬದತ್ತ ಮುಖ ಮಾಡಿಸಿದೆ. ಮರುದಿನ ಬೆಳಗಿನವರೆಗೆ ಮನೆಮಂದಿಯೆಲ್ಲ ಹಿತ್ತಿಲ ಬಾಗಿಲಲ್ಲೇ ಓಡಾಡಿದರು.

ಕಾನಸೂರಿನಿಂದ ಕೋವಿ ರಿಪೇರಿಯ ಆಚಾರಿ ಬಂದರು. ಕಿಡಿ ಹಾರಿಸುವ ಕೇಪು ಕೂರುವ ಮೊಳೆ ಬಿಚ್ಚಿ, ಆ ತೂತಿನಿಂದ ನೀರು ಬಿಟ್ಟು ಮದ್ದು ತೋಯಿಸಿದರು.

"ನಳಿಗೆ ಗಟ್ಟಿ ಹಿಡ್ಕಳಿ. ಎದುರಿಗೆ ನಿಲ್ಬೇಡಿ. ಪಕ್ಕಕ್ಕೂ ಬೇಡ."

ಹಾಗಾದರೆ ಎಲ್ಲಿ ಎಂದು ತಿಳಿಯದೆ ಹಿಂದಿನಿಂದ ಹಿಡಿದುಕೊಂಡೆ. ಅವರು ತುದಿಗೆ ಸ್ಕ್ರೂ ಇದ್ದ ಸರಳನ್ನು ಗುಂಡಿಗೆ ತಿರುಗಿಸಿ ಎಳೆದರು. ನಾನು ಕಣ್ಣು ಮುಚ್ಚಿದೆ. ಗುಂಡು ಹೊರಬಂತು.

"ತುಪ್ಪ ಹಚ್ಚಿದ್ರಾ?"

"ಹಚ್ಚಿದ್ದೆ," ಎಂದೆ. ಪ್ರಾಣ ಉಳಿದ ಕೂಡಲೇ ಮಾನದ ಚಿಂತೆ.

ಅಷ್ಟರಲ್ಲಿ ಅವರ ಫೋನ್ ಬಡಿದುಕೊಂಡಿತು. ಹುಲಗೋಳದ ಗಿರಾಕಿ. ಅವರಿಗೂ ಹಂದಿ, ಅವರಿಗೂ ಹೊಸ ಗುಂಡು, ತುಪ್ಪ ಹಚ್ಚಬೇಕೋ ಬೇಡವೋ ಎಂಬ ಅದೇ ಪ್ರಶ್ನೆ. "ತುಪ್ಪಗಿಪ್ಪ ಎಂತದೂ ಬೇಡ ಮಾರಾಯ್ರೆ," ಎಂದರು ಆಚಾರಿ. "ಹಚ್ಚಿದ್ದೇ ಇಲ್ಲಿ ಸಿಕ್ಕಿಬಿದ್ದದೆ. ಒಣದೇ ಹಾಕಿ." ಫೋನ್ ಕಿಸೆಗೆ ಹೋಯಿತು.

ಅವರು ಬೈಕ್ ಒದ್ದು ಚಾಲೂ ಮಾಡುವ ಹೊತ್ತಿಗೆ ಗೇಟಿಗೆ ಓಡಿದೆ.

"ಹಚ್ಚಿರ್ಲಿಲ್ಲ."

"ಎಂತಕ್ಕೆ ಹಚ್ಚಲಿಲ್ಲ?"

"ಬೇಡ ಅಂತ ನನ್ನ ಅಭಿಪ್ರಾಯ ಆಗಿತ್ತು."

ಅವರು ಫೋನ್ ಹಚ್ಚಿದರು. ಅತ್ತ ಯಾರೂ ಎತ್ತಲಿಲ್ಲ. ಮತ್ತೊಮ್ಮೆ. ಎತ್ತಲಿಲ್ಲ.

"ಹತ್ತಿ. ನಿಮ್ಮ ಬಾಯಲ್ಲೇ ಹೇಳಿ."

ದಾರಿಯುದ್ದಕ್ಕೂ ಕಿವಿಗೊಟ್ಟು ಕೂತಿದ್ದೆ. ಎಲ್ಲೂ ಸದ್ದಿರಲಿಲ್ಲ, ಅದರಿಂದ ಸಮಾಧಾನಪಡಬೇಕೋ ಇನ್ನಷ್ಟು ಹೆದರಬೇಕೋ ತೀರ್ಮಾನವಾಗಲಿಲ್ಲ. ಹುಲಗೋಳದ ಮನೆಯ ಅಂಗಳದಲ್ಲಿ ಆ ಮನುಷ್ಯ ಕೋವಿಯನ್ನು ಮೊಣಕಾಲ ನಡುವೆ ನಿಲ್ಲಿಸಿಕೊಂಡು, ಅದರ ಬಾಯಿಗೆ ಗುಂಡು ಇಟ್ಟು, ಗಜಕ್ಕೆ ಕೈ ಚಾಚುತ್ತಿದ್ದರು. ಬೈಕ್ ಪೂರ್ತಿ ನಿಲ್ಲುವ ಮೊದಲೇ ನಾನು, "ನಿಲ್ಲಿ, ನಾನು ತುಪ್ಪ ಹಚ್ಚಿರ್ಲಿಲ್ಲ!" ಎಂದು ಕೂಗುತ್ತ ಕೆಳಗೆ ಹಾರಿದೆ.