ಮಧ್ಯಾಹ್ನದ ಅರ್ಧ ತಾಸು

ಹೋದ ತಿಂಗಳು ಸೊಲ್ಲಾಪುರದಿಂದ ಬಂದಿದ್ದ ಸಂಬಂಧಿಕರು ಒಂದು ಚಾದರ ಕೊಟ್ಟು ಹೋದರು. ಪ್ಲಾಸ್ಟಿಕ್ ಹರಿದು ಮಂಚದ ಮೇಲೆ ಕೊಡವಿದ್ದೇ ತಡ, ಹಸಿ ನೂಲಿನದೂ ಬಣ್ಣದ್ದೂ ಕೂಡಿದ ವಾಸನೆ ಕೋಣೆ ತುಂಬ ಹರಡಿತು. ಎರಡು ಸಲ ಒಗೆದರೆ ಹೋಗುತ್ತದೆ ಎಂದಳು ನನ್ನ ಹೆಂಡತಿ. ನಾನು ಅದನ್ನು ಮಡಚಿ ಮೂಗಿಗೆ ಹಿಡಿದುಕೊಂಡು ಕುಳಿತುಬಿಟ್ಟೆ. ಯಾಕೆ ಎಂದು ಅವಳು ಕೇಳಲಿಲ್ಲ. ಎಪ್ಪತ್ತು ದಾಟಿದ ಗಂಡಸರು ಏನೇನೋ ಮಾಡುತ್ತಾರೆ ಎಂದು ಆಕೆ ಕೇಳುವುದನ್ನೇ ಎಂದೋ ಬಿಟ್ಟಿದ್ದಾಳೆ.

ಆ ವಾಸನೆಯ ಹಿಂದೆಯೇ ನಮ್ಮ ಮಾಸ್ತರರು ಬಂದರು...

ಸಾಲಿಯ ಮಾಸ್ತರರಲ್ಲ. ಸೊಲ್ಲಾಪುರದ ಒಂದು ಚಾದರ ಕಾರಖಾನೆಯಲ್ಲಿ ನಮೂನೆ ಬಿಡಿಸುವವರು. ಚೌಕುಳಿ ಹಾಕಿದ ಕಾಗದದ ಮೇಲೆ ಒಂದೊಂದು ಎಳೆಗೆ ಒಂದೊಂದು ಚೌಕ ತುಂಬಿ ಹೂವು, ಬಳ್ಳಿ, ಅಂಚು ಮೂಡಿಸುತ್ತಿದ್ದರು. ಅದನ್ನು ನೋಡಿಕೊಂಡು ರಟ್ಟಿನ ಪಟ್ಟಿಗಳಿಗೆ ತೂತು ಹೊಡೆದು ಮಗ್ಗಕ್ಕೆ ಏರಿಸಿದರೆ ಮಗ್ಗ ತಾನೇ ಆ ನಮೂನೆ ನೇಯುತ್ತಿತ್ತು. ಕಾರಖಾನೆಯಲ್ಲಿ ಎಲ್ಲರೂ ಅವರನ್ನು ಮಾಸ್ತರ ಎಂದೇ ಕರೆಯುತ್ತಿದ್ದರು. ಹೆಸರು ನನಗೆ ಗೊತ್ತು, ಆದರೆ ಇಲ್ಲಿ ಬರೆಯುವುದಿಲ್ಲ. ಅವರ ಮಗಳು ಎಲ್ಲೋ ಇರಬಹುದು.

ಎಪ್ಪತ್ತರ ದಶಕದ ನಡುವಿನ ವರ್ಷಗಳವು. ನಾನು ಅಲ್ಲಿ ಪತ್ರ ಬರೆಯುವ ಗುಮಾಸ್ತ, ಇಪ್ಪತ್ತನಾಲ್ಕರ ಹುಡುಗು ವಯಸ್ಸು. ಕಾಕಾನ ಮನೆಯಲ್ಲಿ ಊಟ, ವಸತಿ. ಕಾರಖಾನೆಯಲ್ಲಿ ಬೇರೆ ಜಾಗವಿಲ್ಲವೆಂದು ನನ್ನ ಮೇಜನ್ನು ಮಾಸ್ತರರ ಕೋಣೆಯಲ್ಲೇ ಹಾಕಿದ್ದರು. ಅವರಿಗೆ ನಲವತ್ತರ ಮೇಲೆ. ಕಡ್ಡಿಯಂಥ ಮೈ, ಒಗೆದ ಬಿಳಿ ಅಂಗಿ, ಕಿವಿಯ ಮೇಲೆ ಪೆನ್ಸಿಲ್ಲು. ಹೆಂಡತಿ ಎರಡು ವರ್ಷದ ಹಿಂದೆಯೇ ಮಗಳನ್ನು ಕರೆದುಕೊಂಡು ಅಕ್ಕಲಕೋಟೆಯ ತವರಿಗೆ ಹೋಗಿದ್ದಳು. ಮಾಸ್ತರರು ಒಂದು ಕೋಣೆಯಲ್ಲಿ ಒಬ್ಬರೇ ಇರುತ್ತಿದ್ದರು.

ಯಾಕೆ ಹೋದಳೆಂಬುದನ್ನು ಮಗ್ಗದವರು ನನಗೆ ಮೊದಲ ವಾರದಲ್ಲೇ ಹೇಳಿಬಿಟ್ಟರು, ಅದೂ ನಗುನಗುತ್ತ. ಮಧ್ಯಾಹ್ನ ಊಟದ ಸುಟ್ಟಿಯಾದ ಕೂಡಲೇ ಮಾಸ್ತರರು ಚಪ್ಪಲಿ ಮೆಟ್ಟಿ ಹೊರಡುತ್ತಿದ್ದರು. ಪೇಟೆಯ ಹಿಂದೆ ಮರ್ಯಾದಸ್ಥರು ಹೆಸರೆತ್ತದ ಒಂದು ಗಲ್ಲಿ ಇತ್ತು. ಅಲ್ಲಿಗೆ ಹೋಗುತ್ತಿದ್ದರು. ಅಪರೂಪಕ್ಕಲ್ಲ, ದಿನಾಲು. ಏಕಾದಶಿಯಿರಲಿ, ಜ್ವರವಿರಲಿ, ಬಿಡುತ್ತಿರಲಿಲ್ಲ. ರಂಗೀನ ಮನುಷ್ಯ ಎಂದು ಕೆಲವರು ಒಳಗೊಳಗೇ ಹೊಟ್ಟೆಕಿಚ್ಚು ಪಟ್ಟರು. ನಾನೂ ಹಾಗೆಯೇ ತಿಳಿದಿದ್ದೆ.

ಆದರೆ ಒಂದೇ ಕೋಣೆಯಲ್ಲಿ ಕುಳಿತ ಮೇಲೆ ಕಣ್ಣು ಮುಚ್ಚಿಕೊಂಡಿರಲು ಆಗುತ್ತದೆಯೇ? ಮುಂಜಾನೆ ಎಷ್ಟು ನಿಚ್ಚಳವಾಗಿ ಓಡುತ್ತಿತ್ತು ಆ ಪೆನ್ಸಿಲ್ಲು! ಹನ್ನೊಂದು ಹೊಡೆದ ಮೇಲೆ ತಡವರಿಸುತ್ತಿತ್ತು. ತುಂಬಬಾರದ ಚೌಕ ತುಂಬುತ್ತಿದ್ದರು, ಅಳಿಸುತ್ತಿದ್ದರು, ಮತ್ತೆ ಅದನ್ನೇ ತುಂಬುತ್ತಿದ್ದರು. ಎದ್ದು ನೀರು ಕುಡಿಯುತ್ತಿದ್ದರು. ಸುಟ್ಟಿ ಮುಗಿದು ಗಲ್ಲಿಯಿಂದ ಮರಳಿ ಬಂದಾಗ ತಲೆಯೆಲ್ಲ ಒದ್ದೆ. ನಲ್ಲಿಯ ಕೆಳಗೆ ಕೈಕಾಲು ತಿಕ್ಕಿ ತಿಕ್ಕಿ ತೊಳೆದು ಬರುತ್ತಿದ್ದರು. ಸಂಜೆಯವರೆಗೆ ನನಗೆ ಮುಖ ಕೊಡುತ್ತಿರಲಿಲ್ಲ. ಸುಖಪಟ್ಟು ಬಂದವನ ಮುಖ ಹಾಗಿರುವುದಿಲ್ಲ ಎಂಬಷ್ಟು ನನಗೂ ತಿಳಿಯಿತು.

ಒಂದು ದಿನ ಚಹಾ ಕುಡಿಯುವಾಗ ತಾವಾಗಿಯೇ ಬಾಯಿಬಿಟ್ಟರು. ನನ್ನ ಕಡೆ ನೋಡದೆ, ಬಸಿಯ ಕಡೆ ನೋಡುತ್ತ ಹೇಳಿದರು.

“ಮಂದಿ ಇದನ್ನ ಚೈನಿ ಅಂತಾರ, ತಮ್ಮಾ. ಹನ್ನೊಂದಕ್ಕ ಚಾಲೂ ಆಗತೈತಿ. ಇವತ್ತ ಹೋಗೂದಿಲ್ಲ ಅಂತಿರತೀನಿ, ಕಾಲು ಆಗಳೇ ಚಪ್ಪಲಿ ಹಾಕ್ಕೊಂಡಿರತಾವು. ಬರೂಮುಂದ ನನ್ನ ಮೈ ನನಗ ಹೇಸಿಗಿ. ಅಲ್ಲಿ ಒಬ್ಬಾಕಿ ಮುಖಾನೂ ನೆನಪಿಲ್ಲ ನನಗ.”

ನಾನು ದೊಡ್ಡ ಶಾಣ್ಯಾನಂತೆ, ತಪ್ಪು ಬಿದ್ದ ಪಟ್ಟಿ ತೆಗೆದು ಹೊಸದು ಕಟ್ಟುತ್ತೀರಲ್ಲ, ಹಾಗೆ ಇದನ್ನೂ ತೆಗೆದುಬಿಡಿ ಎಂದೆ. ಪಟ್ಟಿ ನನ್ನ ಕೈಯಲ್ಲಿದೆ, ಇದು ಎಲ್ಲಿದೆ ಎಂಬುದೇ ತಿಳಿಯುವುದಿಲ್ಲ ಎಂದರು. ಹೆಂಡತಿಯನ್ನೂ ಮಗಳನ್ನೂ ಕರೆತರಬೇಕೆಂದಿದ್ದೇನೆ, ಇದು ನಿಂತರೆ ಮಾತ್ರ ಆ ಬಾಗಿಲು ತಟ್ಟುವ ಮುಖ ನನಗಿದೆ ಎಂದರು. ಆಮೇಲೆ ಕೇಳಿದರು.

“ಸುಟ್ಟಿಯೊಳಗ ಅರ್ಧಾ ತಾಸು ನನ್ನ ಜೋಡಿ ಅಡ್ಡಾಡತೀಯೇನು? ಬಾಜೂಕ ಯಾರರ ಇದ್ರ ನಾ ಹೋಗೂದಿಲ್ಲ.”

ಇಷ್ಟೇ ಅವರು ಕೇಳಿದ್ದು.

ಮರುದಿನದಿಂದ ಹೊರಟೆವು. ರೊಟ್ಟಿ, ಶೇಂಗಾ ಚಟ್ನಿ ಗಂಟು ಕಟ್ಟಿಕೊಂಡು ಕೋಟೆಯ ಕಡೆಗೋ ಕೆರೆಯ ದಂಡೆಗೋ ನಡೆದು, ಬೇವಿನ ನೆರಳಿನಲ್ಲಿ ತಿಂದು, ಸುತ್ತುಹಾಕಿ ಬರುವುದು. ಮೊದಲ ಕೆಲವು ದಿನ ಆ ಗಲ್ಲಿಯ ತಿರುವು ಬಂದಾಗ ಅವರು ನನ್ನ ತೋಳು ಹಿಡಿದುಕೊಳ್ಳುತ್ತಿದ್ದರು. ಬೆವರಿನಲ್ಲಿ ಅಂಗೈ ತಣ್ಣಗಿರುತ್ತಿತ್ತು. ದಾಟಿದ ಮೇಲೆ ಬಿಟ್ಟು ಮಾತು ಶುರುಮಾಡುತ್ತಿದ್ದರು. ಮಗಳಿಗೆ ಆರು ವರ್ಷವಂತೆ, ಎಡಗೈಯಲ್ಲಿ ಬರೆಯುತ್ತಾಳಂತೆ, ಸಾಲಿಯಲ್ಲಿ ಅದಕ್ಕೇ ಹೊಡೆಯುತ್ತಾರಂತೆ. ಎಡಗೈಯವರೇ ನಮೂನೆ ಚೆಂದ ಬಿಡಿಸುವುದು, ಅವಳಿಗೆ ತಾವೇ ಕಲಿಸಬೇಕು ಎನ್ನುತ್ತಿದ್ದರು. ಒಂದು ದಿನ ತಾವೇ ನಕ್ಕು, ನಿನ್ನ ನಡಿಗೆ ಮದುವೆಯ ಕುದುರೆಯದಿದ್ದಂತಿದೆ ಎಂದು ನನ್ನನ್ನು ಚಾಷ್ಟಿ ಮಾಡಿದರು. ಅವರು ನಕ್ಕದ್ದನ್ನು ನಾನು ಅದೇ ಮೊದಲು ನೋಡಿದೆ. ಇಪ್ಪತ್ತು ದಿನ ಹೀಗೆ ನಡೆಯಿತು. ಇಪ್ಪತ್ತು ದಿನವೂ ಅವರು ಅಲ್ಲಿಗೆ ಹೋಗಲಿಲ್ಲ.

ಆಗಲೇ ಮಂಗಳವೇಢೆಯಿಂದ ನನಗೊಂದು ಸಂಬಂಧ ಬಂತು. ಹೆಣ್ಣಿನ ಕಡೆಯವರು ನನ್ನ ವಿಚಾರಣೆಗೆಂದು ಪೇಟೆಯಲ್ಲಿ ಅಡ್ಡಾಡಿದಾಗ ಯಾರೋ, ಆ ಹುಡುಗ ಇಂಥವನ ಜೊತೆ ಮಧ್ಯಾಹ್ನ ತಿರುಗುತ್ತಾನೆ, ಆ ಗಲ್ಲಿಯ ಹತ್ತಿರವೇ ಕಂಡಿದ್ದೇವೆ ಎಂದರಂತೆ. ಕಾಕಾ ಊಟಕ್ಕೆ ಕುಳಿತಾಗ ದನಿ ಏರಿಸದೆ, ಅವನ ಸಂಗ ಬಿಡು, ಇಲ್ಲವೆ ಬೇರೆ ಮನೆ ನೋಡಿಕೋ ಎಂದ. ನಾನು ಎದುರಾಡಲಿಲ್ಲ. ನಿಜ ಹೇಳಬೇಕೆಂದರೆ, ಒಳಗೊಳಗೆ ಹಗುರವೇ ಆಯಿತು. ಆ ಮನುಷ್ಯನ ತಣ್ಣಗಿನ ಕೈ ತೋಳಿನ ಮೇಲೆ ಬಿದ್ದಾಗ ರಸ್ತೆಯವರೆಲ್ಲ ನೋಡುತ್ತಿದ್ದಾರೆ ಅನ್ನಿಸಿ ನನಗೂ ನಾಚಿಕೆಯಾಗುತ್ತಿತ್ತು.

ಮರುದಿನ ಸುಟ್ಟಿಯ ಹೊತ್ತಿಗೆ, ಇನ್ನು ಮುಂದೆ ಮಧ್ಯಾಹ್ನ ಬರೆಯುವ ಕೆಲಸ ಬಹಳ ಇದೆ ಎಂದು ಸುಳ್ಳು ಹೇಳಿದೆ. ಅವರು ರೊಟ್ಟಿಯ ಗಂಟು ಕೈಯಲ್ಲಿ ಹಿಡಿದು ನಿಂತಿದ್ದರು. “ಇರಲಿ ತಗೋ” ಅಂದರು. ಮತ್ತೆ ಎಂದೂ ಕೇಳಲಿಲ್ಲ. ಸ್ವಲ್ಪ ಹೊತ್ತಿಗೆ ಗೇಟಿನಾಚೆ ಅವರು ಒಬ್ಬರೇ ನಡೆದು ಹೋಗುವುದು ಕಿಟಕಿಯಿಂದ ಕಾಣಿಸಿತು...

ಕೆಲವು ದಿನಗಳಲ್ಲಿ ಅಕ್ಕಲಕೋಟೆಯಿಂದ ಅವರ ಮಾವ ಬಂದರು. ಕಾರಖಾನೆಯ ಮಾಲಕರು ದೇವರೆಂದರೆ ಕರಗುವವರು. ಇಬ್ಬರೂ ಕೂಡಿ ಉಪಾಯ ಹುಡುಕಿದರು. ನಮ್ಮ ಕಡೆ ಕುಡುಕರನ್ನು ಪಂಢರಪುರಕ್ಕೆ ಕರೆದೊಯ್ದು ತುಳಸಿ ಮಾಲೆ ಹಾಕಿಸುವ ರೂಢಿ. ಮಾಲೆ ಬಿದ್ದ ಕೊರಳು ಸೆರೆ ಮುಟ್ಟುವುದಿಲ್ಲ, ಮಾಂಸ ಮುಟ್ಟುವುದಿಲ್ಲ. ಹಾಗೆ ನೆಟ್ಟಗಾದವರನ್ನು ನಾನೇ ಬಲ್ಲೆ. ಮಾಸ್ತರರಿಗೂ ಅದೇ ಆಗಲಿ ಎಂದರು. ಇದು ಆ ತೆರನದೇ ಹೌದೋ ಅಲ್ಲವೋ ಎಂದು ಯಾರೂ ಅವರನ್ನು ಕೇಳಲಿಲ್ಲ. ಏಕಾದಶಿಯ ದಿನ ಮಾಲೆ ಬಿತ್ತು. ಮಾಲೆ ಹಾಕಿದವರನ್ನು ತಾಯಿ ಎಂದು ಕರೆಯುವುದು ರೂಢಿ; ಸೋಮವಾರ ಮಗ್ಗದವರೆಲ್ಲ “ಮಾವುಲಿ” ಎಂದು ಅವರ ಕಾಲು ಮುಟ್ಟಿದರು. ಅವರು ಗೋಡೆಗೆ ಆನಿಕೊಂಡು ನಿಂತು ಮುಟ್ಟಿಸಿಕೊಂಡರು.

ಎಂಟೋ ಒಂಬತ್ತೋ ದಿನ ಕಳೆದಿರಬೇಕು. ಮಧ್ಯಾಹ್ನ ಸುಟ್ಟಿಯಾದಾಗ ಅವರು ನನ್ನ ಮೇಜಿನ ಹತ್ತಿರ ಬಂದು, ಕೊರಳಿನ ಮಾಲೆ ತೆಗೆದು, ಒಂದು ಹೊಸ ಚೌಕುಳಿ ಕಾಗದ ಹಾಸಿ ಅದರ ಮೇಲಿಟ್ಟರು.

“ಇದನ್ನ ಹಾಕ್ಕೊಂಡು ಅಲ್ಲಿ ಹೋಗಬಾರದು, ತಮ್ಮಾ. ಬರೂತನಕ ಇಟ್ಕೋ.”

ಬೇಡ, ನಡೆಯಿರಿ, ಕೆರೆಯ ಕಡೆ ಹೋಗೋಣ ಎಂದು ಆಗ ನಾನು ಎದ್ದಿದ್ದರೆ... ಏಳಲಿಲ್ಲ. ಕಾಗದ ಮಡಚಿ ಮೇಜಿನ ಖಾನೆಗೆ ಹಾಕಿದೆ. ಅವರು ತಿರುಗಿ ಬಂದು ಕೈಕಾಲು ತೊಳೆದು, ಕಣ್ಣಿಗೊತ್ತಿಕೊಂಡು ಮಾಲೆ ಹಾಕಿಕೊಂಡರು. ಮಾರನೆಯ ದಿನವೂ ಹಾಗೆಯೇ. ಆಮೇಲೆ ದಿನಾಲು. ದೇವರಿಗೆ ಮೋಸ ಮಾಡಬಾರದೆಂದು ಅವರು ಅದನ್ನು ತೆಗೆದಿಡುತ್ತಿದ್ದರು. ನಾನು ಯಾರಿಗೆ ಮೋಸ ಮಾಡುತ್ತಿದ್ದೇನೆಂದು ಯೋಚಿಸಲಿಲ್ಲ.

ಎರಡು ತಿಂಗಳ ಮೇಲೆ ಒಂದು ಗುರುವಾರ ಮಾಲಕರು ನನ್ನನ್ನೇ ಅಕ್ಕಲಕೋಟೆಗೆ ಕಳಿಸಿದರು. ಒಂದೇ ಕೋಣೆಯಲ್ಲಿ ಇರುವವನು ನೀನು, ಕಣ್ಣಾರೆ ಕಂಡದ್ದನ್ನು ಬೀಗರಿಗೆ ಹೇಳಿ ಬಾ ಎಂದರು. ಗುರುವಾರವೆಂದರೆ ಎಸ್‌ಟಿ ಬಸ್ಸಿನಲ್ಲಿ ಕಾಲಿಡಲು ಜಾಗವಿರುವುದಿಲ್ಲ. ಅಲ್ಲಿಯ ಗುರುಗಳ ಮಠಕ್ಕೆ ಹೋಗುವವರ ತೆಂಗಿನಕಾಯಿ, ಹೂವಿನ ನಡುವೆ ನಿಂತುಕೊಂಡೇ ಹೋದೆ. ಏನು ಹೇಳಬೇಕೆಂಬುದನ್ನು ದಾರಿಯುದ್ದಕ್ಕೂ ಜೋಡಿಸಿದೆ, ಇಳಿಯುವ ಹೊತ್ತಿಗೆ ಒಂದೂ ಉಳಿದಿರಲಿಲ್ಲ.

ಮಠದ ಹಿಂದಿನ ಓಣಿಯಲ್ಲಿ ಮನೆ. ಮಾವ ಜಮಖಾನೆ ಹಾಸಿ ಕೂರಿಸಿದರು. ಹುಡುಗಿ ಕಂಬದ ಮರೆಯಲ್ಲಿ ನಿಂತು ಪಾಟಿಯ ಮೇಲೆ ಏನೋ ಗೀಚುತ್ತಿದ್ದಳು, ಎಡಗೈಯಲ್ಲಿ.

“ಮಾಳ ಐತಿಲ್ರಿ ಕೊರಳಾಗ?” ಎಂದರು ಮಾವ.

“ಐತ್ರಿ.”

ಅದು ಸುಳ್ಳೇನಲ್ಲ. ಆ ಹೊತ್ತು ಮುಂಜಾನೆ ಹತ್ತು ಗಂಟೆ, ಮಾಲೆ ಅವರ ಕೊರಳಿನಲ್ಲೇ ಇತ್ತು. ಚಹಾ ತಂದಿಟ್ಟ ಮಾಸ್ತರರ ಹೆಂಡತಿ ಒಳಗೆ ಹೋಗದೆ ಬಾಗಿಲಲ್ಲೇ ನಿಂತಳು. ತಂದೆಯ ಎದುರು ಮಾತಾಡುವ ಪದ್ಧತಿ ಅವರಲ್ಲಿ ಇರಲಿಲ್ಲ. ಆದರೂ ಕೇಳಿದಳು.

“ಖರೇ ಹೇಳ್ರಿ ಅಣ್ಣಾರ. ನಾ ಹುಡುಗೀನ ಕರಕೊಂಡು ಹೋಗಬೇಕಾಗೇತಿ. ಖರೇನ ಬಿಟ್ಟಾರೇನು?”

ಅಣ್ಣಾ ಎಂದು ಕರೆದಿದ್ದಳು. ಖಾನೆಯಲ್ಲಿ ದಿನಾ ಬಂದು ಬೀಳುವ ಆ ಕಾಗದದ ಮಡಿಕೆ ಕಣ್ಣಮುಂದೆ ಬಂತು. ಹೇಳಿದರೆ ಇಷ್ಟು ದಿನ ಇಟ್ಟುಕೊಂಡಿದ್ದ ನಾನೇನಾಗುತ್ತೇನೆ? ಹೆಂಡತಿ ಬಂದರೆ ಅವರು ತಾವಾಗಿಯೇ ನಿಲ್ಲಿಸಬಹುದು ಎಂದೂ ಅನ್ನಿಸಿತು. ಹೌದೆಂದು ತಲೆಯಾಡಿಸಿದೆ. ಬಾಯಲ್ಲಿ ಹೇಳುವ ಧೈರ್ಯವೂ ನನಗಿರಲಿಲ್ಲ.

ಎಂಟು ದಿನಕ್ಕೆ ಅವಳು ಬಂದಳು. ಆ ವಾರ ಮಾಸ್ತರರ ಪೆನ್ಸಿಲ್ಲು ಮುಂಜಾನೆಯಿಂದ ಸಂಜೆಯವರೆಗೆ ಸರಾಗವಾಗಿ ಓಡಿತು. ಎರಡನೆಯ ವಾರ ಹನ್ನೊಂದು ಗಂಟೆಯ ಹೊತ್ತಿಗೆ ಅವರು ಎದ್ದು ನೀರು ಕುಡಿದರು. ಮಧ್ಯಾಹ್ನ ಮತ್ತೆ ಮಾಲೆ ನನ್ನ ಮೇಜಿನ ಮೇಲಿತ್ತು.

ಐದಾರು ತಿಂಗಳಲ್ಲಿ ಅವಳಿಗೆ ಕಾಯಿಲೆಯಾಯಿತು. ಮೊದಲು ನಾಚಿಕೆಯಿಂದ ಬಚ್ಚಿಟ್ಟಳು. ತಡೆಯಲಾಗದೆ ಹೋದಾಗ ಡಾಕ್ಟರು ಸೂಜಿ ಚುಚ್ಚಿ, ಇದು ಗಂಡನಿಂದ ಬಂದದ್ದು, ಅವನನ್ನೂ ಕರೆದುಕೊಂಡು ಬಾ ಎಂದರಂತೆ. ಹೊಟ್ಟೆಯಲ್ಲಿದ್ದ ಎರಡನೆಯ ಕೂಸು ಉಳಿಯಲಿಲ್ಲ. ಮರುವಾರ ಮುಂಜಾನೆಯ ಬಸ್ಸಿಗೆ ಹುಡುಗಿಯ ಕೈಹಿಡಿದು ಹೊರಟುಹೋದಳು. ಆಮೇಲೆ ಅವಳು ಸೊಲ್ಲಾಪುರದ ಕಡೆ ಮುಖ ಹಾಕಲಿಲ್ಲ.

ಮಾಲಕರು ವಿಚಾರಿಸುತ್ತ ವಿಚಾರಿಸುತ್ತ ಹೋದಾಗ ಮಾಲೆಯ ಸಂಗತಿ ಹೊರಬಿತ್ತು. ನನ್ನ ಖಾನೆ ತೆಗೆಸಿದರು. ಅವರಿಗೆ ಸಿಟ್ಟು ಬಂದದ್ದು ಆ ಹೆಣ್ಣುಮಗಳಿಗಾದ ಗತಿಗಲ್ಲ. ಮಾಲೆ ತೆಗೆದಿಟ್ಟು ಆ ಗಲ್ಲಿಗೆ ಹೋದನಲ್ಲ, ಅದಕ್ಕೆ. ಮಾಸ್ತರರನ್ನು ಅದೇ ದಿನ ಕೆಲಸದಿಂದ ತೆಗೆದರು. ನನಗೆ ಬೈದು ಸುಮ್ಮನಾದರು. ಮಾಸ್ತರರು ಪೆನ್ಸಿಲ್ಲುಗಳನ್ನು ಕಿಸೆಗೆ ಹಾಕಿಕೊಂಡು, ನನ್ನ ಭುಜ ತಟ್ಟಿ ಹೋದರು. ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ.

ಕೊನೆಯ ಸಲ ಅವರನ್ನು ಕಂಡದ್ದು ಹೋಟಗಿ ಸ್ಟೇಶನ್ನಿನಲ್ಲಿ, ನಾಲ್ಕು ವರ್ಷ ಕಳೆದ ಮೇಲೆ. ನಾನು ವಿಜಾಪುರದ ಗಾಡಿಗೆ ಕಾಯುತ್ತಿದ್ದೆ. ಅವರು ಬೆಂಚಿನ ತುದಿಯಲ್ಲಿ ಒಬ್ಬರೇ ಕುಳಿತಿದ್ದರು. ಕೊರಳು ಬರಿದಾಗಿತ್ತು, ತಲೆ ಪೂರ್ತಿ ಬೆಳ್ಳಗಾಗಿತ್ತು. ಮಕ್ಕಳೆಷ್ಟು ಎಂದು ಕೇಳಿದರು. ಒಂದು ಹೆಣ್ಣು ಎಂದೆ. ಈಗ ಹೇಗಿದ್ದೀರಿ ಎಂದು ಕೇಳಲು ನನಗೆ ನಾಲಿಗೆ ಏಳಲಿಲ್ಲ. ಅವರೇ ಅರ್ಥ ಮಾಡಿಕೊಂಡು, ಇನ್ನೂ ಹಾಗೆಯೇ ಇದೆ, ಮೈಯಲ್ಲಿ ಮಾತ್ರ ಶಕ್ತಿಯಿಲ್ಲ ಎಂದರು. ಗಾಡಿ ಬಂತು. ನಾನು ಹತ್ತುವಾಗ ಕಿಟಕಿಯ ಹತ್ತಿರ ಬಂದು ನಿಂತರು.

“ಆ ಇಪ್ಪತ್ತ ದಿನ ಭಾಳ ಛಲೋ ಇದ್ವು ನೋಡು, ತಮ್ಮಾ.”

ಲೆಕ್ಕವನ್ನು ಅವರೂ ಇಟ್ಟಿದ್ದರು ಎಂದು ಆಗ ತಿಳಿಯಿತು.

ಅವರು ತೀರಿಕೊಂಡು ಬಹಳ ವರ್ಷವಾಯಿತು. ಸುದ್ದಿ ಬಂದದ್ದೂ ಯಾರದೋ ಮದುವೆಯ ಪಂಗತಿಯಲ್ಲಿ, ಹೋಳಿಗೆ ಬಡಿಸುವ ನಡುವೆ. ಆ ಹೆಣ್ಣುಮಗಳು ಅವರಿಗಿಂತ ಮೊದಲೇ ತೀರಿಹೋಗಿದ್ದಳಂತೆ. ಅವಳಿದ್ದಾಗ ಅವಳ ಮನೆಗೆ ಹೋಗಿ ತಪ್ಪಾಯಿತು ಎನ್ನಬೇಕೆಂದು ಎರಡು ಸಲ ಬಸ್ ಸ್ಟ್ಯಾಂಡಿನವರೆಗೆ ಹೋಗಿದ್ದೆ. ಎರಡು ಸಲವೂ ಅಕ್ಕಲಕೋಟೆಯ ಬಸ್ಸು ಬಂದು, ತುಂಬಿ, ಹೊರಟು ಹೋಯಿತು. ಇತ್ತೀಚೆಗೆ ಪತ್ರಿಕೆಯಲ್ಲಿ ಡಾಕ್ಟರೊಬ್ಬರು ಬರೆದಿದ್ದನ್ನು ಓದಿದೆ. ಇಂಥದ್ದೂ ಒಂದು ಬೇನೆಯಂತೆ. ಚೈನಿಯೂ ಅಲ್ಲ, ಬರೀ ಕೆಟ್ಟತನವೂ ಅಲ್ಲ. ನಾಚಿಕೆ ಹೆಚ್ಚಿಸಿದಷ್ಟೂ ಅದು ಬಲಿಯುತ್ತದಂತೆ, ಒಂಟಿತನದಲ್ಲಿ ಕೊಬ್ಬುತ್ತದಂತೆ. ಹೇಳಿಕೊಳ್ಳಲು ಒಬ್ಬರು ಬೇಕಂತೆ, ಜೊತೆಗೆ ಇರಲು ಒಬ್ಬರು ಬೇಕಂತೆ. ಇಂಥದ್ದೊಂದನ್ನೂ ಓದದೆ, ಮಗ್ಗದ ಗದ್ದಲದಲ್ಲಿ ಕುಳಿತು ಮಾಸ್ತರರು ತಮಗೆ ಬೇಕಾದ ಔಷಧ ಯಾವುದೆಂದು ತಾವೇ ಕಂಡುಕೊಂಡಿದ್ದರು. ಅದನ್ನು ಕೊಡಲಾರದೆ ಮಾಲೆ ಕೊಟ್ಟು ಕೈತೊಳೆದುಕೊಂಡವರು ನಾವು. ಅಂದಹಾಗೆ, ಆ ಮಂಗಳವೇಢೆಯ ಸಂಬಂಧವೂ ಕೂಡಿ ಬರಲಿಲ್ಲ.

ಈಗ ನಾನು ನಿವೃತ್ತ. ಊಟವಾದ ಮೇಲೆ ಹೆಂಡತಿ ಮಲಗುತ್ತಾಳೆ, ನಾನು ಓಣಿಯ ತುದಿಯವರೆಗೆ ನಡೆದು ಬರುತ್ತೇನೆ. ಅರ್ಧ ತಾಸಲ್ಲ, ಇಡೀ ಮಧ್ಯಾಹ್ನ ನನ್ನ ಕೈಯಲ್ಲಿದೆ. ಅದನ್ನು ಕೇಳಿದ ಮನುಷ್ಯನಿಲ್ಲ.