ಹದಿನೆಂಟು ದಾಟದ ವೆಂಕಟರಾಯಪ್ಪ

ಬೆಂಗಳೂರಿನಿಂದ ಬಂದ ಸಣ್ಣ ರೈಲು ದೇವನಹಳ್ಳಿ ಸ್ಟೇಷನ್ನಿನಲ್ಲಿ ನಿಂತಾಗ ಭಾನುವಾರ ಮಧ್ಯಾಹ್ನ ಮೂರು ದಾಟಿತ್ತು. ಇಳಿದವರಲ್ಲಿ ತಾಲ್ಲೂಕು ಕಚೇರಿ ಗುಮಾಸ್ತ ವೆಂಕಟರಾಯಪ್ಪನೂ ಒಬ್ಬ. ಕಂಕುಳಲ್ಲಿ ಟವಲು ಸುತ್ತಿದ ಪಿಂಗ್‌ಪಾಂಗ್ ಬ್ಯಾಟು. ಮುಖ ನೋಡಿದರೇ ಸಾಕು, ಸೋತಿದ್ದಾನೆ ಅಂತ ಯಾರು ಬೇಕಾದರೂ ಹೇಳಬಹುದಿತ್ತು. ಆದರೆ ನಮ್ಮೂರಿನವರು ಸುಮ್ಮನೆ ಬಿಡುವ ಪೈಕಿಯೇ? ಕೋಟೆ ಬಾಗಿಲಿಗೆ ಬರುವಷ್ಟರಲ್ಲಿ ಐದು ಜನ ತಡೆದು ಕೇಳಿದರು, "ಏನಪ್ಪಾ, ಗೆದ್ಯಾ?" ಐದು ಜನಕ್ಕೂ ಇಲ್ಲವೆಂದು ತಲೆಯಾಡಿಸಿದ. ಆರನೆಯವನು ಚಕ್ಕೋತ ಮಾರುವ ಜವರಪ್ಪ. ಅವನು ಕೇಳಲೇ ಇಲ್ಲ. "ಹೋಗ್ಲಿ ಬಿಡು" ಅಂದುಬಿಟ್ಟ. ವೆಂಕಟರಾಯಪ್ಪನಿಗೆ ಉಳಿದ ಐದಕ್ಕಿಂತ ಆ ಒಂದು ಮಾತೇ ಹೆಚ್ಚು ಉರಿಯಿತು.

ಮಹಾಯುದ್ಧ ಮುಗಿದ ಮೇಲಿನ ಮೊದಲ ಚಳಿಗಾಲ ಅದು. ನಿಂತುಹೋಗಿದ್ದ ಟೂರ್ನಮೆಂಟುಗಳೆಲ್ಲ ಮತ್ತೆ ಶುರುವಾಗಿದ್ದವು, ಇವನು ಮೂರಕ್ಕೆ ಹೆಸರು ಕೊಟ್ಟಿದ್ದ. ಮೊದಲನೆಯದು ದೊಡ್ಡಬಳ್ಳಾಪುರದಲ್ಲಿ, ಎರಡನೆಯದು ಬಸವನಗುಡಿಯಲ್ಲಿ, ಇವತ್ತಿನದು ಬೆಂಗಳೂರು ದಂಡಿನಲ್ಲಿ, ಅಂದರೆ ಕಂಟೋನ್ಮೆಂಟಿನಲ್ಲಿ. ಆ ಕಾಲದಲ್ಲಿ ಮೊದಲು ಇಪ್ಪತ್ತೊಂದು ಮುಟ್ಟಿದವನಿಗೆ ಆಟ. ಮೂರು ಕಡೆಯೂ ಕೊನೆಯ ಆಟದಲ್ಲಿ ಮುಂದಿದ್ದವನು ಇವನೇ. ಹದಿನೆಂಟು–ಹದಿನಾಲ್ಕು. ಹದಿನೆಂಟು–ಹನ್ನೆರಡು. ಇವತ್ತು ಹದಿನೆಂಟು–ಹದಿನೈದು. ಅಯ್ಯೋ, ಹನ್ನೆರಡರಲ್ಲಿದ್ದವನ ಕೈಲಿ ಸೋಲಬೇಕು ಅಂದ್ರೆ ಎಂಥ ಗ್ರಹಚಾರ ಇರಬೇಕು ಹೇಳಿ!

ಮನೆಯಲ್ಲಿ ಹೆಂಡತಿ ಅನುಸೂಯಮ್ಮ ಹಿತ್ತಲಲ್ಲಿ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಗಂಡ ಬ್ಯಾಟನ್ನು ಗೂಟಕ್ಕೆ ನೇತುಹಾಕಿದ ರೀತಿಯಲ್ಲೇ ಅವಳಿಗೆ ಗೊತ್ತಾಯಿತು.

"ಎಷ್ಟಕ್ಕೆ?"

"ಇಪ್ಪತ್ತೊಂದು–ಹದಿನೆಂಟು."

"ಹೋದ ಸಲ?"

"ಅಷ್ಟೇ."

"ಅದರ ಹಿಂದಿನ ಸಲ?"

"ಅದೂ ಅಷ್ಟೇ ಕಣೇ, ಎಷ್ಟು ಸಲ ಹೇಳಿಸ್ತೀಯ!"

ಅವಳು ಸುಲಿಯುವುದನ್ನು ನಿಲ್ಲಿಸಿದಳು. "ನಿಮ್ಮ ಚೆಂಡಾಟ ನಂಗೆ ಗೊತ್ತಾಗಲ್ಲ. ಆದ್ರೆ ಮೂರು ಸಲಾನೂ ಹದಿನೆಂಟಕ್ಕೆ ಬಂದು ಕೂತ್ಬಿಟ್ರಲ್ಲ, ಅದ್ಯಾಕೆ? ಅಲ್ಲಿಂದ ಮುಂದಕ್ಕೆ ಏನಾಗ್ತದೆ ನಿಮ್ಗೆ?"

ವೆಂಕಟರಾಯಪ್ಪ ಟವಲು ತೆಗೆದುಕೊಂಡು ಬಚ್ಚಲಿಗೆ ನಡೆದ. ಹದಿನೆಂಟಕ್ಕೇ ಯಾಕೆ ನಿಲ್ಲುತ್ತದೆಂದು ಅವನಿಗೆ ಗೊತ್ತಿತ್ತು.

ಇವನ ಕಥೆ ಸ್ವಲ್ಪ ಹಿಂದಿನಿಂದ ಹೇಳಬೇಕು. ಆವತಿ ಕಡೆಯ ರಾಗಿ ಹೊಲದ ಮನೆಯವನು. ಇಂಟರ್‌ಮೀಡಿಯೆಟ್ ಓದಲು ಬೆಂಗಳೂರಿಗೆ ಹೋದವನು ಓದಿದ್ದಕ್ಕಿಂತ ಹಾಸ್ಟೆಲ್ಲಿನ ಊಟದ ಮೇಜಿನ ಮೇಲೆ ಪಿಂಗ್‌ಪಾಂಗ್ ಆಡಿದ್ದೇ ಹೆಚ್ಚು. ಏನು ಹೊಡೆತ ಅಂತೀರಿ! ಎದುರಿನವರು ಚೆಂಡನ್ನು ಗೋಡೆ ಹತ್ತಿರ ಹೋಗಿ ಹೆಕ್ಕಿಕೊಂಡು ಬರಬೇಕಿತ್ತು. ಓದು ಅರ್ಧಕ್ಕೆ ನಿಂತಿತು, ಗುಮಾಸ್ತಗಿರಿ ಸಿಕ್ಕಿತು, ಬ್ಯಾಟು ಜೊತೆಗೇ ಬಂತು. ದೇವನಹಳ್ಳಿಯಲ್ಲಿ ಕಚೇರಿಯವರದ್ದೇ ಒಂದು ಕ್ಲಬ್ಬು, ಅದರಲ್ಲೊಂದು ಟೇಬಲ್ಲು. ತಾಲ್ಲೂಕಿಗೆಲ್ಲ ದೊಡ್ಡ ಸಾಹೇಬರಾದ ಅಮಲ್ದಾರ್ ಆದಿನಾರಾಯಣಪ್ಪನವರು ವರ್ಗವಾಗಿ ಬಂದ ಮೊದಲ ವಾರವೇ "ಯಾರಯ್ಯಾ ಆಡ್ತೀರಿ?" ಅಂದರು. ಎಲ್ಲರೂ ಇವನನ್ನು ಮುಂದಕ್ಕೆ ತಳ್ಳಿದರು.

ಮೊದಲ ದಿನ ಇವನು ಇಪ್ಪತ್ತೊಂದು–ಏಳಕ್ಕೆ ಗೆದ್ದ. ಸಾಹೇಬರು ಬೆವರು ಒರೆಸಿಕೊಂಡು ಹೋದರು. ಆದರೆ ಮಾರನೇ ದಿನ ಕಚೇರಿಯಲ್ಲಿ ಯಾರೂ ಇವನ ಜೊತೆ ಕಾಫಿಗೆ ಬರಲಿಲ್ಲ. ಶಿರಸ್ತೇದಾರರು ಕರೆದು, "ಬುದ್ಧಿ ಇದೆಯೇನೋ ನಿಂಗೆ?" ಅಂತ ಒಂದೇ ಮಾತು ಕೇಳಿದರು. ಸಂಜೆ ವೆಂಕಟರಾಯಪ್ಪ ಸೋತ.

ಸೋಲುವುದು ಸುಲಭ ಅಂದುಕೊಂಡಿದ್ದೀರಾ? ಹತ್ತಕ್ಕೆ ಸೋತರೆ ಬೇಕೆಂದೇ ಸೋತ ಅಂತ ಸಾಹೇಬರಿಗೆ ಅವಮಾನ. ಇಪ್ಪತ್ತರ ತನಕ ಎಳೆದರೆ ಅವರಿಗೆ ಮೇಲುಸಿರು ಹತ್ತುತ್ತದೆ, ಮುಖ ಕೆಂಪಾಗುತ್ತದೆ. ನೋಡಿ ನೋಡಿ ಹದಿನೆಂಟೇ ಸರಿ ಅಂತ ಇವನು ಕಂಡುಕೊಂಡ. ಹದಿನೆಂಟರ ತನಕ ಮೈಮುರಿದು ಆಡುವುದು, ಅಲ್ಲಿಂದ ಕೈ ಸಡಿಲ ಬಿಡುವುದು. ಒಂದು ನೆಟ್ಟಿಗೆ, ಒಂದು ಟೇಬಲ್ಲಿನಾಚೆಗೆ, ಒಂದು ಮೆತ್ತಗೆ ಎತ್ತಿ ಸಾಹೇಬರ ಬಲಗೈಗೆ. ಆಮೇಲೆ ಹಣೆ ಒರೆಸಿಕೊಂಡು, "ಅಬ್ಬಾ, ಈ ಹೊಡೆತ ತಡೆಯೋರು ಯಾರಿದ್ದಾರೆ ಸ್ವಾಮಿ!" ಹೀಗೆ ನಾಲ್ಕು ವರ್ಷ, ವಾರಕ್ಕೆ ಐದು ದಿನ. ಕೈ ಅದನ್ನು ಕಲಿತುಬಿಟ್ಟಿತ್ತು. ಈಗ ಬಸವನಗುಡಿಯಲ್ಲಿ ಯಾರೋ ಗುರುತಿಲ್ಲದ ಹುಡುಗ ಎದುರಿಗಿದ್ದರೂ, ಹದಿನೆಂಟು ಅಂತ ಕೂಗಿದ ಕೂಡಲೇ ಅದು ತಾನಾಗಿ ಸಡಿಲವಾಗುತ್ತಿತ್ತು.

ದಂಡಿನಲ್ಲಿ ಸೋತ ಮಾರನೇ ದಿನ, ಸೋಮವಾರ ಬೆಳಿಗ್ಗೆ ಕಚೇರಿಗೆ ಮುಂಚೆ ಕ್ಲಬ್ಬಿಗೆ ಹೋದ. ಜವಾನ ಸೊಣ್ಣಪ್ಪ ತಗ್ಗು ಬಿದ್ದ ಚೆಂಡನ್ನು ಬಿಸಿನೀರಿನಲ್ಲಿ ಹಾಕಿ ಉಬ್ಬಿಸುತ್ತಿದ್ದ. ಯುದ್ಧದಿಂದ ಹೊಸ ಚೆಂಡು ಸಿಗುತ್ತಿರಲಿಲ್ಲ, ಆ ಒಂದೇ ಚೆಂಡಿಗೆ ಎಷ್ಟು ಸಲ ಸ್ನಾನವಾಗಿತ್ತೋ. ಸಂಜೆ ಹೊತ್ತು ಅಂಕ ಕೂಗುವವನು ಅವನೇ, ಆಟವೂ ಅಷ್ಟಿಷ್ಟು ಬರುತ್ತಿತ್ತು. ವೆಂಕಟರಾಯಪ್ಪ ಅವನ ಕೈಗೆ ಬ್ಯಾಟು ಕೊಟ್ಟು ಒಂದು ಆಟ ಆಡಿದ. ಹದಿನೆಂಟೂ ದಾಟಿತು, ಇಪ್ಪತ್ತೊಂದೂ ಆಯಿತು, ಇವನೇ ಗೆದ್ದ. ಕುಣಿಯಬೇಕು ಅನ್ನಿಸಿತು. ಆಮೇಲೆ ಸೊಣ್ಣಪ್ಪನ ಮುಖ ನೋಡಿದ.

"ನಿಜವಾಗ್ಲೂ ಆಡಿದ್ಯೇನೋ?"

"ಆಡ್ದೆ ಗುಮಾಸ್ತರೇ. ನಿಮ್ಮ ಮುಂದೆ ನಾವೆಲ್ಲಿ!"

ಆ ಮಾತು ಕೇಳಿ ವೆಂಕಟರಾಯಪ್ಪ ಬ್ಯಾಟನ್ನು ಟವಲಿಗೆ ಸುತ್ತಿಕೊಂಡು ಕಚೇರಿಗೆ ನಡೆದ.

ಅದೇ ವಾರ ಅಮಲ್ದಾರರಿಗೆ ವರ್ಗದ ಆರ್ಡರು ಬಂತು. ಶನಿವಾರ ಸಂಜೆ ಕ್ಲಬ್ಬಿನಲ್ಲಿ ಬೀಳ್ಕೊಡುಗೆ ಅಂತಾಯಿತು: ಹಾರ, ಕೇಸರಿಭಾತು, ಉಪ್ಪಿಟ್ಟು, ಜೊತೆಗೆ ಸಾಹೇಬರಿಗೂ ಇವನಿಗೂ ಒಂದು ಆಟ. ವೆಂಕಟರಾಯಪ್ಪ ಆ ವಾರವೆಲ್ಲ ಸರಿಯಾಗಿ ಊಟ ಮಾಡಲಿಲ್ಲ. ಕೊನೆಗೆ ಗಟ್ಟಿ ಮನಸ್ಸು ಮಾಡಿದ. ಕೈ ಕೆಟ್ಟದ್ದು ಈ ಟೇಬಲ್ಲಿನ ಮೇಲೆ, ಇದೇ ಮನುಷ್ಯನ ಎದುರಿಗೆ. ಸರಿಯಾದರೆ ಇಲ್ಲೇ ಆಗಬೇಕು. ಅವತ್ತು ಗೆದ್ದರೆ ಈ ಕೈ ನನ್ನದು. ಇಲ್ಲದಿದ್ದರೆ ಬ್ಯಾಟು ಒಲೆಗೆ.

"ಶನಿವಾರ ಗೆಲ್ತೀನಿ" ಅಂತ ಹೆಂಡತಿಗೆ ಹೇಳಿಬಿಟ್ಟ, ಹದಿನೆಂಟರ ಗುಟ್ಟನ್ನೂ ಬಿಚ್ಚಿಟ್ಟ. ಅವಳು ಮೂಗಿನ ಮೇಲೆ ಬೆರಳಿಟ್ಟಳು. "ನಾಲ್ಕು ವರ್ಷಾನಾ!"

ಶನಿವಾರ ಕ್ಲಬ್ಬು ತುಂಬಿತ್ತು. ಸಾಹೇಬರು ಹಾರ ತೆಗೆದಿಟ್ಟು ತೋಳು ಮಡಿಚಿದರು. ಸೊಣ್ಣಪ್ಪ ಅಂಕ ಕೂಗಲು ಸ್ಟೂಲಿನ ಮೇಲೆ ಕೂತ. ವೆಂಕಟರಾಯಪ್ಪ ಮೊದಲಿನಿಂದಲೇ ಬಿರುಸಾಗಿ ಹೊಡೆದ. "ಹದಿನೆಂಟು–ಹದಿಮೂರು!" ಅಂತ ಸೊಣ್ಣಪ್ಪ ಕೂಗಿದ. ಬಂತಲ್ಲಪ್ಪಾ ಶನಿ! ಬೆರಳುಗಳು ತಾವಾಗಿ ಮೆತ್ತಗಾಗುವುದು ಇವನಿಗೇ ತಿಳಿಯುತ್ತಿತ್ತು. ಒಂದು ನೆಟ್ಟಿಗೆ ಹೋಯಿತು. ಇನ್ನೊಂದು ಆಚೆಗೆ ಬಿತ್ತು. ಹದಿನಾಲ್ಕು, ಹದಿನೈದು, ಹದಿನೆಂಟು–ಹದಿನೆಂಟು. ಶಿರಸ್ತೇದಾರರು ನೆಮ್ಮದಿಯಾಗಿ ಕಾಫಿ ಹೀರಿದರು.

ವೆಂಕಟರಾಯಪ್ಪ ಹಲ್ಲು ಕಚ್ಚಿದ. ಬ್ಯಾಟಿನ ಹಿಡಿ ಅಂಗೈಗೆ ಒತ್ತುವಷ್ಟು ಬಿಗಿ ಹಿಡಿದು ಹೊಡೆದ. ಹತ್ತೊಂಬತ್ತು! ಯಾರೋ "ಆಞ್?" ಅಂದರು. ಸಾಹೇಬರೂ ಒಂದು ತೆಗೆದರು. ಇವನು ಮತ್ತೊಂದು. ಇಪ್ಪತ್ತು–ಹತ್ತೊಂಬತ್ತು. ಇನ್ನೊಂದೇ ಒಂದು. ಸಾಹೇಬರ ಕಡೆಯಿಂದ ಚೆಂಡು ಎತ್ತರಕ್ಕೆ ಎದ್ದು ಬಂತು, ನಾಲ್ಕು ವರ್ಷದಲ್ಲಿ ಇವನು ಸಾವಿರ ಸಲ ಮೆತ್ತಗೆ ತಳ್ಳಿದ್ದ ಅಂಥದೇ ಚೆಂಡು. ಈ ಸಲ ತಳ್ಳಲಿಲ್ಲ. ಹಾಸ್ಟೆಲ್ಲಿನ ದಿನಗಳ ಹೊಡೆತ ಹೊಡೆದ, ಪೂರ್ತಿ ಶಕ್ತಿ ಬಿಟ್ಟು.

ಸಾಹೇಬರು ಎರಡು ಹೆಜ್ಜೆ ಹಿಂದೆ ಸರಿದು, ಉದ್ದನೆಯ ತೋಳು ಚಾಚಿ, ಅದನ್ನು ವಾಪಸು ತಂದಿಟ್ಟರು. ವೆಂಕಟರಾಯಪ್ಪ ನಿಂತಲ್ಲೇ ನಿಂತಿದ್ದ. ಸಾಹೇಬರು ಇಷ್ಟು ಚೆನ್ನಾಗಿ ಆಡುತ್ತಾರೆಂದು ನಾಲ್ಕು ವರ್ಷ ಎದುರಿಗೆ ನಿಂತವನಿಗೇ ಗೊತ್ತಿರಲಿಲ್ಲ. ಗೊತ್ತಾಗುವ ಹಾಗೆ, ಮೊದಲ ದಿನದ ಮೇಲೆ ಇವನು ಒಮ್ಮೆಯಾದರೂ ಕೊನೆಯ ತನಕ ಆಡಿದ್ದರೆ ತಾನೇ! ಇಪ್ಪತ್ತು–ಇಪ್ಪತ್ತು. ಅಲ್ಲಿಂದ ಎರಡು ಅಂಕ ಹೆಚ್ಚು ಬೇಕು. ಎರಡನ್ನೂ ಸಾಹೇಬರೇ ತೆಗೆದರು. ಇವನು ಒಂದನ್ನೂ ಬಿಟ್ಟುಕೊಡಲಿಲ್ಲ. ಓಡಿದ, ಎಗರಿದ, ಮಂಡಿ ತರಚಿಕೊಂಡ. ಸೋತ.

ಚಪ್ಪಾಳೆಯೋ ಚಪ್ಪಾಳೆ. ಸಾಹೇಬರು ಬಂದು ಇವನ ಹೆಗಲ ಮೇಲೆ ಕೈ ಹಾಕಿದರು. ಅವರ ಕಣ್ಣಲ್ಲಿ ನೀರಿತ್ತು.

"ನಂಗೇನು ಗೊತ್ತಿಲ್ಲ ಅಂದ್ಕೊಂಡಿದ್ಯೇನಯ್ಯಾ? ನಾಲ್ಕು ವರ್ಷ ನೀನು ಹದಿನೆಂಟಕ್ಕೆ ಬಿಟ್ಕೊಡ್ತಿದ್ದೆ. ಇವತ್ತು ಇಪ್ಪತ್ತರ ತನಕ ಕರ್ಕೊಂಡು ಹೋಗಿ, ಎಲ್ಲರ ಮುಂದೆ ನನ್ನ ಮರ್ಯಾದೆ ಉಳಿಸಿದೆ. ದೊಡ್ಡ ಮನಸ್ಸು ಕಣಯ್ಯಾ ನಿಂದು."

"ಇಲ್ಲ ಸ್ವಾಮಿ" ಅಂದ ವೆಂಕಟರಾಯಪ್ಪ. "ಇವತ್ತು ಬಿಟ್ಕೊಡ್ಲಿಲ್ಲ. ನಿಜವಾಗ್ಲೂ ಸೋತೆ."

ಎಲ್ಲರೂ ಹೋ ಎಂದು ನಕ್ಕರು. "ನೋಡ್ರಯ್ಯಾ, ಎಂಥ ವಿನಯ!" ಅಂದರು ಶಿರಸ್ತೇದಾರರು. ಇವನ ಎಲೆಗೆ ಇನ್ನೊಂದು ಸೌಟು ಕೇಸರಿಭಾತು ಬಿತ್ತು.

ಮನೆಗೆ ಬಂದಾಗ ಅನುಸೂಯಮ್ಮ ಬಾಗಿಲಲ್ಲೇ ಕಾಯುತ್ತಿದ್ದಳು. "ಏನಾಯ್ತು?"

"ಇಪ್ಪತ್ತೆರಡು–ಇಪ್ಪತ್ತು. ಸೋತೆ."

"ಒಳ್ಳೇದಾಯ್ತು ಬಿಡಿ" ಅಂದಳು ಅವಳು, ಬ್ಯಾಟಿಗೆ ಕೈ ಚಾಚುತ್ತಾ. "ಊರು ಬಿಟ್ಟು ಹೋಗೋರ ಮನಸ್ಸು ಯಾಕೆ ನೋಯಿಸ್ಬೇಕು? ಬಿಟ್ಕೊಟ್ಟಿದ್ದೇ ಸರಿ."

"ಬಿಟ್ಕೊಡ್ಲಿಲ್ಲ ಕಣೇ! ಹದಿನೆಂಟು ದಾಟ್ದೆ, ಇಪ್ಪತ್ತಕ್ಕೆ ಬಂದೆ, ನನ್ನ ಕೈಲಾದದ್ದೆಲ್ಲ ಹೊಡೆದೆ. ಆದ್ರೂ ಸೋತೆ. ನಿಜವಾಗ್ಲೂ. ನೀನಾದ್ರೂ ನಂಬು."

ಅವಳು ಗಂಡನ ತರಚಿದ ಮಂಡಿ ನೋಡಿದಳು, ಮುಖ ನೋಡಿದಳು. ಪಾಪ, ತುಂಬ ನೊಂದಿದ್ದಾನೆ ಅನ್ನಿಸಿತೇನೋ.

"ಆಯ್ತು ಕಣ್ರೀ, ನಂಬ್ದೆ" ಅಂದಳು ಮೆತ್ತಗೆ. "ನಿಮ್ಮ ಹೊಡೆತ ನಂಗೆ ಗೊತ್ತಿಲ್ವಾ."

ಆ ದನಿ ವೆಂಕಟರಾಯಪ್ಪನಿಗೆ ಚೆನ್ನಾಗಿ ಗೊತ್ತಿತ್ತು. ನಾಲ್ಕು ವರ್ಷ ಪ್ರತಿ ಸಂಜೆ, ಹಣೆ ಒರೆಸಿಕೊಂಡು, ಅದೇ ದನಿಯಲ್ಲಿ ಅವನು ಸಾಹೇಬರ ಹತ್ತಿರ ಮಾತಾಡಿದ್ದ.