ರೇಣುಕಾಳಿಗೆ ನಾನು ಕೊಟ್ಟ ಉತ್ತರ

ಕೋವಿಡ್ ವಾರ್ಡುಗಳು ಮುಚ್ಚಿದ ಮರುವರ್ಷ. ಕೊಪ್ಪಳದ ಒಂದು ಖಾಸಗಿ ಆಸ್ಪತ್ರೆಯಲ್ಲಿ ನಾನು ಇಪ್ಪತ್ತೆಂಟು ಹಾಸಿಗೆಗಳ ಮಹಿಳಾ ವಾರ್ಡಿನ ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ನರ್ಸಿಂಗ್ ಶಾಲೆಯ ಮೊದಲ ವರ್ಷದ ವಿದ್ಯಾರ್ಥಿನಿಯರು ಬೆಳಿಗ್ಗೆ ನಮ್ಮಲ್ಲಿ ಕೆಲಸ ಕಲಿಯಲು ಬರುತ್ತಿದ್ದರು.

ಅವರ ಮೊದಲ ಕೆಲಸ ಟಿಪಿಆರ್. ಎಂದರೆ ಪ್ರತಿ ರೋಗಿಯ ಜ್ವರ, ನಾಡಿ, ಉಸಿರಾಟ ನೋಡಿ ಚಾರ್ಟಿನಲ್ಲಿ ಬರೆಯುವುದು. ಒಬ್ಬೊಬ್ಬರಿಗೆ ಏಳು ಹಾಸಿಗೆ, ದಿನಕ್ಕೊಮ್ಮೆ ಅದಲುಬದಲು. ಒಂಬತ್ತಕ್ಕೆ ಡಾಕ್ಟರ ರೌಂಡ್ಸ್. ನಾಡಿಯನ್ನು ಪೂರ್ತಿ ಒಂದು ನಿಮಿಷ ಎಣಿಸಬೇಕೆಂದು ಪಾಠದಲ್ಲಿದೆ. ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವುದು ನಮ್ಮ ವಾರ್ಡಿನ ರೂಢಿ. ಗಿಣಿಗೇರಾದ ರೇಣುಕಾ ಮಾತ್ರ ಪೂರ್ತಿ ನಿಮಿಷ ಎಣಿಸುತ್ತಿದ್ದಳು.

"ನೀ ಎಣಿಸಿ ಮುಗಿಸೂದ್ರಾಗ ಪೇಷಂಟ್ ಡಿಸ್ಚಾರ್ಜ್ ಆಗಿ ಊರಿಗೆ ಹೊಕ್ಕಾಳ ನೋಡವಾ!" ಎಂದು ಗೆಳತಿಯರು ನಗುತ್ತಿದ್ದರು. ನಾನೂ ನಕ್ಕಿದ್ದೆ.

ಒಂದು ಶುಕ್ರವಾರ ರೌಂಡ್ಸ್ ಶುರುವಾದಾಗ ಅವಳ ಎರಡು ಹಾಸಿಗೆ ಬಾಕಿ ಇದ್ದವು. ಎಲ್ಲರೆದುರೇ ಬೈದೆ. ಮಧ್ಯಾಹ್ನ ಅವಳು ನನ್ನ ಮೇಜಿನ ಬಳಿ ಬಂದಳು.

"ಖರೇ ಹೇಳ್ರಿ ಸಿಸ್ಟರ್, ಈ ಕೆಲಸ ನನಗ ಒಗ್ಗತೈತೇನ್ರಿ? ಒಲ್ಲೆ ಅನ್ನೂದಿದ್ರ ಈಗs ಹೇಳು, ಡಿಗ್ರಿಗೆ ಹಚ್ಚತೀನಿ ಅಂದಾನ್ರಿ ಅಪ್ಪ."

"ಇದು ಓಡೋ ಕೆಲಸ, ತಂಗಿ. ನಿನ್ನ ಕೈ ಭಾಳ ಸಾವಕಾಶ. ನಿನಗ ಒಗ್ಗೂದಿಲ್ಲ."

ಉತ್ತರಕ್ಕೆ ನಾನು ಅರ್ಧ ನಿಮಿಷವನ್ನೂ ತೆಗೆದುಕೊಳ್ಳಲಿಲ್ಲ. ಮರುದಿನ ಅವಳು ತಂದೆಯೊಂದಿಗೆ ಬಂದು ಟಿ.ಸಿ. ಪಡೆದು ಹೋದಳು.

ಸೋಮವಾರ, ಯಲಬುರ್ಗಾದಿಂದ ಬಂದು ದಾಖಲಾಗಿದ್ದ ಹುಲಿಗೆಮ್ಮ ಎಂಬ ವೃದ್ಧೆ ಬಚ್ಚಲಿಗೆ ಹೋಗುವಾಗ ತಲೆಸುತ್ತಿ ಬಿದ್ದರು. ಇಸಿಜಿಯಲ್ಲಿ ಹೃದಯದ ಬಡಿತ ಲಯ ತಪ್ಪಿರುವುದು ಕಂಡಿತು. ಡಾಕ್ಟರು ಚಾರ್ಟ್ ತೆರೆದರು. ದಿನವೂ ನಾಡಿ 76. ಶುಕ್ರವಾರ ಮಾತ್ರ 83. ಪಕ್ಕದಲ್ಲಿ ಸಣ್ಣ ಅಕ್ಷರ: 'ನಡುನಡುವೆ ತಪ್ಪುತ್ತದೆ.'

"ಇದನ್ನ ಬರದಾರ ಯಾರು, ಸಿಸ್ಟರ್?"

"ಸ್ಟೂಡೆಂಟ್, ಸರ್. ರೇಣುಕಾ."

"ಕೆಳಗ ಸಹಿ ನಿಮ್ದs ಐತಲ್ಲ?"

ನನ್ನದೇ. ಓದದೆ ಹಾಕಿದ್ದೆ.

ಹುಲಿಗೆಮ್ಮನನ್ನು ಹುಬ್ಬಳ್ಳಿಗೆ ಕಳಿಸಿದೆವು. ಬದುಕಿದರು. ಅಂದೇ ಶಾಲೆಯ ಕಚೇರಿಯಲ್ಲಿ ವಿಚಾರಿಸಿದೆ, ಟಿ.ಸಿ. ಕೊಟ್ಟ ಮೇಲೆ ಈ ವರ್ಷಕ್ಕೆ ಮತ್ತೆ ಪ್ರವೇಶವಿಲ್ಲ ಎಂದರು. ಸಂಜೆ ರೇಣುಕಾಳಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ, ತಪ್ಪಾಯಿತೆಂದೆ.

"ಅದು ಹೋಗ್ಲಿ ಬಿಡ್ರಿ ಸಿಸ್ಟರ್. ಆ ಅಮ್ಮ ಈಗ ಆರಾಮ ಅದಾಳೇನ್ರಿ?"

ಮುಂದಿನ ವರ್ಷ ಬಾ ಎಂದೆ. ಅವಳು ಬರಲಿಲ್ಲ.

ಈಗ ನಿವೃತ್ತಳಾಗಿದ್ದೇನೆ. ಮಗಳಿಗೆ ನರ್ಸಿಂಗ್ ಹೊಂದುತ್ತದೆಯೇ ಎಂದು ಕೇಳಲು ಜನ ಮನೆಗೆ ಬರುತ್ತಾರೆ. ನಾನು ತೀರ್ಪು ಕೊಡುವುದಿಲ್ಲ. ಒಂದು ವಾರ ವಾರ್ಡಿನಲ್ಲಿದ್ದು ಬಂದು, ಯಾವ ರೋಗಿಯ ಚಿಂತೆ ಹತ್ತಿತೆಂದು ನಿಮ್ಮ ಮಗಳೇ ಹೇಳಲಿ ಎನ್ನುತ್ತೇನೆ. ಕೈಗೆ ಚುರುಕು ಆಮೇಲೆ ಬರುತ್ತದೆ; ಅದನ್ನು ಕಲಿಸಲೆಂದೇ ಇನ್‌ಚಾರ್ಜ್ ಸಿಸ್ಟರ್ ಇರುತ್ತಾಳೆ. ರೇಣುಕಾಳ ವಿಷಯದಲ್ಲಿ ಆ ಕೆಲಸ ನನ್ನದಾಗಿತ್ತು. ನಾನು ಮಾಡಲಿಲ್ಲ.